ಎರಡು ಗಡಿಯಾರಗಳ ನಡುವಿನ ಅಂತರ: ನ್ಯಾನೋಸೆಕೆಂಡು ಅಳೆಯುವ ಹವ್ಯಾಸಿಗೆ

ನಿಖರ ಸಮಯದ ಗೀಳು ಹತ್ತಿದವರು ಮೊದಲು ಕೇಳುವುದು "ಯಾವ ಕೌಂಟರ್ ಕೊಳ್ಳಲಿ?" ಅಂತ. ಕೌಂಟರ್ ಅಂದರೆ ಆವರ್ತನ, ಸಮಯದ ಅಂತರ ಅಳೆಯುವ ಉಪಕರಣ. ಮೊದಲು ಒಂದು ದಪ್ಪನೆಯ ನೋಟ್‌ಬುಕ್ ಕೊಳ್ಳಿ ಎಂಬುದು ನನ್ನ ಉತ್ತರ. ಒಂದೇ ಗಡಿಯಾರ ಇಟ್ಟುಕೊಂಡವರು ಅದು ಸರಿಯೋ ತಪ್ಪೋ ಹೇಳಲಾರರು. ಎರಡಿದ್ದರೆ ಅವುಗಳ ನಡುವಿನ ಅಂತರವನ್ನು ಅಳೆಯಬಹುದು. ಆ ಅಂತರ ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು ಎಂದು ಬರೆದಿಡುತ್ತ ಹೋದರೆ ಆವರ್ತನ, ಸ್ಥಿರತೆ, ವಯಸ್ಸಾದಂತೆ ಬರುವ ಜಾರುವಿಕೆ, ಬಿಸಿಗೂ ತಂಪಿಗೂ ತೋರುವ ಸ್ವಭಾವ ಎಲ್ಲವೂ ಆ ಒಂದೇ ಅಂಕಣದಿಂದ ಹೊರಬೀಳುತ್ತವೆ. ಹಾಗಾಗಿ ಈ ಬರಹದುದ್ದಕ್ಕೂ ನಾನು ಪಟ್ಟು ಹಿಡಿದು ಹೇಳುವುದು ಇಷ್ಟು: ಪರದೆಯ ಮೇಲಿನ ಮೆಗಾಹರ್ಟ್ಸ್ ಓದಲು ಹೋಗಬೇಡಿ, ಸಮಯದ ಅಂತರ ಅಳೆಯಿರಿ; ಅಳೆದು ಮುಗಿಯುವ ತನಕ ಯಾವ ತಿರುಪನ್ನೂ ಮುಟ್ಟಬೇಡಿ.

ಮೊದಲು ಲೆಕ್ಕದ ಭಾಷೆ ಬಾಯಿಗೆ ಬರಬೇಕು. ಮಿಲಿಸೆಕೆಂಡು ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು; ಮೈಕ್ರೋ, ನ್ಯಾನೋ, ಪಿಕೋ ಒಂದಕ್ಕಿಂತ ಒಂದು ಸಾವಿರ ಪಟ್ಟು ಚಿಕ್ಕವು. ದಿನಕ್ಕೆ 86,400 ಸೆಕೆಂಡು. ಗಡಿಯಾರ ಹತ್ತು ಲಕ್ಷದಲ್ಲಿ ಒಂದು ಪಾಲು, ಅಂದರೆ ಒಂದು ಪಿಪಿಎಂ, ತಪ್ಪಿದರೆ ದಿನಕ್ಕೆ 86.4 ಮಿಲಿಸೆಕೆಂಡು ಹೋಯಿತು. 10⁻⁹ ತಪ್ಪಿದರೆ 86 ಮೈಕ್ರೋಸೆಕೆಂಡು. 10⁻¹¹ ತಪ್ಪಿದರೆ ಒಂದು ಮೈಕ್ರೋಸೆಕೆಂಡಿಗಿಂತ ಸ್ವಲ್ಪ ಕಡಿಮೆ, 0.86. ಈ ನಾಲ್ಕು ಸಂಖ್ಯೆಗಳು ಬಾಯಿಪಾಠವಾದರೆ ಯಾವ ಉಪಕರಣದ ಡೇಟಾಶೀಟ್ ಕೈಗೆ ಬಂದರೂ ಅದು ದಿನಕ್ಕೆ ಎಷ್ಟು ಜಾರುತ್ತದೆ ಎಂದು ಕಾಗದವಿಲ್ಲದೆ ಹೇಳಬಹುದು. ಇನ್ನೊಂದು ಮಾತು: ನಿಖರತೆ ಬೇರೆ, ಸ್ಥಿರತೆ ಬೇರೆ. ಪ್ರತಿದಿನ ಕರಾರುವಾಕ್ಕಾಗಿ ಎರಡು ಸೆಕೆಂಡು ಮುಂದೋಡುವ ವಾಚು ನಿಖರವಲ್ಲ, ಆದರೆ ಅದು ಅತ್ಯುತ್ತಮ ವಾಚು, ಏಕೆಂದರೆ ಆ ಎರಡು ಸೆಕೆಂಡನ್ನು ನೀವು ಕಳೆದುಬಿಡಬಹುದು. ಒಂದು ದಿನ ಎರಡು ಮುಂದೆ, ಮರುದಿನ ಎರಡು ಹಿಂದೆ ಹೋಗುವ ವಾಚಿನ ಸರಾಸರಿ ಸೊನ್ನೆ ಬಂದರೂ ಅದರಿಂದ ಪ್ರಯೋಜನವಿಲ್ಲ.

ಕೈಗಡಿಯಾರದಿಂದ ಶುರು ಮಾಡಿ

ದುಬಾರಿ ಪೆಟ್ಟಿಗೆಗಳಿಗೆ ಮುಂಚೆ ನಿಮ್ಮಲ್ಲಿರುವ ಮುಳ್ಳಿನ ಕ್ವಾರ್ಟ್ಜ್ ವಾಚನ್ನೇ ಅಳೆಯಿರಿ. ಅದರೊಳಗಿನ ಕ್ರಿಸ್ಟಲ್ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. 2ನ್ನು 15 ಸಲ ಗುಣಿಸಿದರೆ ಬರುವ ಸಂಖ್ಯೆ ಅದು. 15 ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೊಂದು ಪಲ್ಸ್ ಉಳಿಯುತ್ತದೆ. ಹೋಲಿಕೆಗೆ ಫೋನಿನ ಗಡಿಯಾರವನ್ನು ನಂಬಬೇಡಿ, ಪರದೆಯ ಮೇಲೆ ಅಂಕಿ ಬದಲಾಗುವುದು ಎಷ್ಟು ತಡವಾಗಿ ಎಂದು ಹೇಳಲಾಗದು. ಬದಲಿಗೆ ಪಿಪಿಎಸ್ ದೀಪವಿರುವ ಒಂದು ಅಗ್ಗದ ಜಿಪಿಎಸ್ ಮಾಡ್ಯೂಲ್ ತೆಗೆದುಕೊಳ್ಳಿ. ಪಿಪಿಎಸ್ ಅಂದರೆ ಸೆಕೆಂಡಿಗೆ ಒಂದು ಪಲ್ಸ್. ಉಪಗ್ರಹಗಳು ಸಿಕ್ಕಿದ ಮೇಲೆ ಪ್ರತಿ ಸೆಕೆಂಡು ಹುಟ್ಟುವ ಕ್ಷಣದಲ್ಲಿ ಆ ದೀಪ ಹೊತ್ತಿಕೊಳ್ಳುತ್ತದೆ. ವಾಚನ್ನು ದೀಪದ ಪಕ್ಕದಲ್ಲಿಟ್ಟು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನಾದರೆ ಒಂದೊಂದು ಫ್ರೇಮ್ 4 ಮಿಲಿಸೆಕೆಂಡಿನಷ್ಟು. ದೀಪ ಹೊತ್ತಿದ ಫ್ರೇಮಿಗೂ ಸೆಕೆಂಡಿನ ಮುಳ್ಳು ಜರುಗಲು ತೊಡಗಿದ ಫ್ರೇಮಿಗೂ ನಡುವೆ ಎಷ್ಟು ಫ್ರೇಮ್ ಇವೆ ಎಂದು ಎಣಿಸಿದರೆ ಆಯಿತು. ಮುಳ್ಳು 12ರ ಮೇಲೆ ಬರುವಾಗಲೇ ಪ್ರತಿಸಲವೂ ನೋಡಿ. ಅನೇಕ ವಾಚುಗಳಲ್ಲಿ ಕ್ರಿಸ್ಟಲನ್ನು ಬೇಕೆಂದೇ ಸ್ವಲ್ಪ ವೇಗವಾಗಿ ಇಟ್ಟು, ನಿಗದಿತ ಅವಧಿಗೊಮ್ಮೆ ಕೆಲವು ಪಲ್ಸ್‌ಗಳನ್ನು ನುಂಗಿ ಸರಿದೂಗಿಸುತ್ತಾರೆ. ಆ ಅವಧಿಯ ನಡುವೆ ಎಲ್ಲಿ ಅಳೆದಿರಿ ಎಂಬುದರ ಮೇಲೆ ಉತ್ತರ ಒಂದಿಷ್ಟು ಕುಣಿಯುತ್ತದೆ.

ಒಂದು ವಾರ ಮೇಜಿನ ಮೇಲಿಟ್ಟು, ಇನ್ನೊಂದು ವಾರ ಕೈಗೆ ಕಟ್ಟಿಕೊಂಡು ನೋಡಿ. ಈ ಕ್ರಿಸ್ಟಲ್‌ಗಳು ಸುಮಾರು 25 ಡಿಗ್ರಿಯಲ್ಲಿ ಅತಿ ವೇಗವಾಗಿ ಓಡುತ್ತವೆ. ಅದಕ್ಕಿಂತ ಬಿಸಿಯಾದರೂ ತಂಪಾದರೂ ನಿಧಾನವಾಗುತ್ತವೆ. ಡಿಗ್ರಿಯ ವರ್ಗಕ್ಕೆ 0.034 ಪಿಪಿಎಂ ಲೆಕ್ಕ. 10 ಡಿಗ್ರಿ ಆಚೀಚೆ ಹೋದರೆ 3.4 ಪಿಪಿಎಂ, ಅಂದರೆ ದಿನಕ್ಕೆ 0.29 ಸೆಕೆಂಡು. ನಿಮ್ಮ ನೋಟ್‌ಬುಕ್ಕಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮುಂದೆ ಲಕ್ಷ ಪಟ್ಟು ಸೂಕ್ಷ್ಮವಾದ ಪೆಟ್ಟಿಗೆಗಳಲ್ಲೂ ನೀವು ಎದುರಿಸುವುದು ಇದೇ ಉಷ್ಣತೆಯನ್ನು.

ಆಕಾಶದಿಂದ ಬರುವ ಸೆಕೆಂಡು

1967ರಿಂದ ಸೆಕೆಂಡಿನ ವ್ಯಾಖ್ಯೆ ಸೀಸಿಯಂ-133 ಪರಮಾಣುವಿನ 9,192,631,770 ಕಂಪನಗಳು. ಆ ಗುಣಮಟ್ಟದ ಸೆಕೆಂಡು ಮನೆಗೆ ಬರುವ ಸುಲಭದ ದಾರಿ ಜಿಪಿಎಸ್. 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ, ನೆಲದಿಂದ ಅವುಗಳನ್ನು ಸದಾ ಕಾವಲು ಕಾಯುತ್ತಾರೆ. ಎತ್ತರ ಮತ್ತು ವೇಗ ಎರಡೂ ಸೇರಿ ಅವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೋಡಬೇಕು; ಅದನ್ನು ಲೆಕ್ಕ ಹಾಕಿ ಉಡಾವಣೆಗೆ ಮುಂಚೆಯೇ ಅವುಗಳ ಆವರ್ತನ ತಗ್ಗಿಸಿರುತ್ತಾರೆ.

ಯಾವ ರಿಸೀವರ್ ಬೇಕು? ದಾರಿ ತೋರಿಸುವುದಕ್ಕೆ ಮಾಡಿದ ಮಾಡ್ಯೂಲಿನಲ್ಲೂ ಪಿಪಿಎಸ್ ಇರುತ್ತದೆ, ಕಲಿಯುವುದಕ್ಕೆ ಅದು ಸಾಕು. ಆದರೆ ಯು-ಬ್ಲಾಕ್ಸ್‌ನ ಎಲ್‌ಇಎ-6ಟಿ, ಎನ್‌ಇಒ-ಎಂ8ಟಿ ಥರದ, ಹೆಸರಿನ ಕೊನೆಗೆ 'ಟಿ' ಇರುವ ಟೈಮಿಂಗ್ ರಿಸೀವರ್ ಸಿಕ್ಕರೆ ಬಿಡಬೇಡಿ. ಅದರಲ್ಲಿ ಎರಡು ವಿಶೇಷ. ಮೊದಲನೆಯದು, ಜಾಗವನ್ನು ಕಟ್ಟಿಹಾಕುವುದು. ಸಾಮಾನ್ಯ ರಿಸೀವರ್ ಪ್ರತಿಸಲವೂ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಎಂಬ ನಾಲ್ಕು ಗೊತ್ತಿಲ್ಲದ ಸಂಖ್ಯೆಗಳನ್ನು ಬಿಡಿಸಬೇಕು, ಎತ್ತರದ ತಪ್ಪು ಸಮಯದೊಳಗೆ ನುಸುಳುತ್ತದೆ. ಟೈಮಿಂಗ್ ರಿಸೀವರಿಗೆ "ನಿನ್ನ ಆಂಟೆನಾ ಇಲ್ಲೇ ಇದೆ, ಅಲುಗಾಡುವುದಿಲ್ಲ" ಎಂದು ಹೇಳಿದರೆ ಅದು ಕಂಡ ಪ್ರತಿ ಉಪಗ್ರಹವನ್ನೂ ಸಮಯಕ್ಕೇ ಬಳಸುತ್ತದೆ. ಇದಕ್ಕೆ ಸರ್ವೆ ಇನ್ ಎಂಬ ಕ್ರಮವಿದೆ: ಆಂಟೆನಾ ಇರುವ ಜಾಗವನ್ನು ರಿಸೀವರ್ ತಾನೇ ಸರಾಸರಿ ತೆಗೆದು ಕಂಡುಕೊಳ್ಳುತ್ತದೆ. ಒಂದು ಪೂರ್ತಿ ದಿನ ಸರ್ವೆ ಮಾಡಲು ಬಿಡಿ, ಅವಸರಪಟ್ಟು ಹತ್ತು ನಿಮಿಷಕ್ಕೆ ನಿಲ್ಲಿಸಬೇಡಿ.

ಎರಡನೆಯ ವಿಶೇಷ ಹತ್ತಿರದಿಂದ ನೋಡಬೇಕಾದದ್ದು. ಆಸಿಲೋಸ್ಕೋಪಿನಲ್ಲಿ (ಸಂಕೇತದ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಒಂದು ಒಳ್ಳೆಯ 10 ಮೆಗಾಹರ್ಟ್ಸ್ ಅಲೆಯ ಪಕ್ಕದಲ್ಲಿ ಪಿಪಿಎಸ್‌ನ ಏರುವ ಅಂಚನ್ನು ಇಟ್ಟು ನೋಡಿದರೆ ಅದು ಒಂದೇ ಜಾಗದಲ್ಲಿ ನಿಲ್ಲದು. ಪ್ರತಿ ಸೆಕೆಂಡಿಗೂ ಒಂದಿಷ್ಟು ಎಡಕ್ಕೆ ಜರುಗುತ್ತ ಜರುಗುತ್ತ ಹೋಗಿ, ತಟ್ಟನೆ ಬಲಕ್ಕೆ ನೆಗೆದು ಮತ್ತೆ ಎಡಕ್ಕೆ ಹೊರಡುತ್ತದೆ. ಗ್ರಾಫ್ ಹಾಕಿದರೆ ಗರಗಸದ ಹಲ್ಲುಗಳು. ಕಾರಣ ಇಷ್ಟೇ: ರಿಸೀವರಿನ ಒಳಗಡಿಯಾರ 48 ಮೆಗಾಹರ್ಟ್ಸ್ ಇದ್ದರೆ ಅದರ ಒಂದು ಮಿಡಿತ 20.8 ನ್ಯಾನೋಸೆಕೆಂಡು, ಪಲ್ಸ್ ಹೊರಡಬಹುದಾದದ್ದು ಯಾವುದಾದರೂ ಒಂದು ಮಿಡಿತದ ಮೇಲೆ ಮಾತ್ರ. ನಿಜವಾದ ಸೆಕೆಂಡು ಎರಡು ಮಿಡಿತಗಳ ನಡುವೆ ಬಿದ್ದರೆ ಹತ್ತಿರದ್ದಕ್ಕೆ ತಳ್ಳುವುದು ಬಿಟ್ಟು ಅದಕ್ಕೆ ಗತಿಯಿಲ್ಲ. ಕೆಲವೊಮ್ಮೆ ಒಳಗಡಿಯಾರ ತೀರಾ ಸರಿಯಾದ ವೇಗಕ್ಕೆ ಬಂದು ಹಲ್ಲುಗಳು ಉದ್ದವಾಗಿ, ಗ್ರಾಫಿನಲ್ಲಿ ತೂಗುಸೇತುವೆಯ ಆಕಾರ ಮೂಡುತ್ತದೆ. ಆಗ ತಪ್ಪು ನಿಮಿಷಗಟ್ಟಲೆ ಒಂದೇ ಕಡೆ ವಾಲಿರುತ್ತದೆ, ಸರಾಸರಿ ತೆಗೆದರೂ ಹೋಗದು. ಟೈಮಿಂಗ್ ರಿಸೀವರ್ ಮುಂದಿನ ಪಲ್ಸ್ ಎಷ್ಟು ಆಚೀಚೆ ಬೀಳಲಿದೆ ಎಂದು ಸೀರಿಯಲ್ ತಂತಿಯಲ್ಲಿ, ಅಂದರೆ ಕಂಪ್ಯೂಟರಿಗೆ ಸಂದೇಶ ಒಯ್ಯುವ ತಂತಿಯಲ್ಲಿ, ಮೊದಲೇ ಹೇಳುತ್ತದೆ. ಆ ಸಂಖ್ಯೆಯನ್ನು ಕೌಂಟರಿನ ಓದಿನಿಂದ ಕಳೆದರೆ ಗರಗಸ ಮಾಯ. ಮೊದಲ ಸಲ ಅದನ್ನು ಕಳೆದು ಗ್ರಾಫ್ ನಯವಾದದ್ದನ್ನು ಕಂಡಾಗ ನನಗಾದ ಸಂತೋಷ ಇನ್ನೂ ಹಾಗೇ ಇದೆ.

ಆಂಟೆನಾ ಆಕಾಶ ಪೂರ್ತಿ ಕಾಣುವ ಜಾಗದಲ್ಲಿರಲಿ. ಕಿಟಕಿಯ ಅಂಚಿನಲ್ಲಿಟ್ಟರೂ ಪಲ್ಸ್ ಬರುತ್ತದೆ, ಆದರೆ ಗೋಡೆಗಳಿಗೆ ಬಡಿದು ಬಂದ ಸಂಕೇತ ಸೇರಿಕೊಂಡು ಹತ್ತಾರು ನ್ಯಾನೋಸೆಕೆಂಡು ಅಲೆದಾಡಿಸುತ್ತದೆ. ಸಾಮಾನ್ಯ ಕೋಯಾಕ್ಸ್ ಕೇಬಲಿನಲ್ಲಿ ಸಂಕೇತ ಮೀಟರಿಗೆ 5 ನ್ಯಾನೋಸೆಕೆಂಡು ತೆಗೆದುಕೊಳ್ಳುತ್ತದೆ; 20 ಮೀಟರ್ ಕೇಬಲ್ ಹಾಕಿದರೆ ನಿಮ್ಮ ಸೆಕೆಂಡು 100 ನ್ಯಾನೋಸೆಕೆಂಡು ತಡ. ಆವರ್ತನ ಅಳೆಯುವವರಿಗೆ ಇದು ಲೆಕ್ಕಕ್ಕಿಲ್ಲ, ತಡ ದಿನವೂ ಅಷ್ಟೇ ಇರುವುದರಿಂದ. ಸರಿಯಾದ ಸಮಯವೇ ಬೇಕಾದವರು ಕೇಬಲಿನ ತಡವನ್ನು ರಿಸೀವರಿನ ಹೊಂದಾಣಿಕೆಯಲ್ಲಿ ತುಂಬಬೇಕು.

ಹಳೆಯ ರಿಸೀವರ್ ಕೊಂಡರೆ ದಿನಾಂಕ ಸುಮಾರು 20 ವರ್ಷ ಹಿಂದಿನದು ತೋರಿಸಬಹುದು, ಗಾಬರಿ ಬೇಡ. ಜಿಪಿಎಸ್ ಮೂಲತಃ ವಾರಗಳನ್ನು 1024ರ ತನಕ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರಲ್ಲೂ 2019ರಲ್ಲೂ ಹಾಗೆ ತಿರುಗಿತು. ದಿನಾಂಕ ತಪ್ಪಿದರೂ ಪಲ್ಸ್ ಸರಿಯಾಗಿಯೇ ಬರುತ್ತದೆ. ಹಾಗೆಯೇ ರಿಸೀವರ್ ಜಿಪಿಎಸ್ ಸಮಯ ಹೇಳುತ್ತಿದೆಯೋ ಜಗತ್ತಿನ ಅಧಿಕೃತ ಸಮಯವಾದ ಯುಟಿಸಿ ಹೇಳುತ್ತಿದೆಯೋ ನೋಡಿಕೊಳ್ಳಿ. 2017ರ ಜನವರಿ 1ರಿಂದ ಅವುಗಳ ನಡುವೆ 18 ಸೆಕೆಂಡಿನ ವ್ಯತ್ಯಾಸವಿದೆ.

ಎರಡನೆಯ ಗಡಿಯಾರ

ಪಿಪಿಎಸ್ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ: ಕ್ಷಣಕ್ಕೊಮ್ಮೆ ಕುಣಿಯುತ್ತದೆ, ಆದರೆ ಹಗ್ಗ ಮೀರಿ ಎಲ್ಲಿಗೂ ಹೋಗದು. ಇವತ್ತು 10 ನ್ಯಾನೋಸೆಕೆಂಡು ಕುಣಿದರೆ ವರ್ಷದ ನಂತರವೂ ಅಷ್ಟೇ ಕುಣಿತ. ಓವನ್ ಕ್ರಿಸ್ಟಲ್, ಅಂದರೆ ಒಂದೇ ಉಷ್ಣತೆ ಕಾಯುವ ಪುಟ್ಟ ಒಲೆಯೊಳಗಿನ ಕ್ರಿಸ್ಟಲ್ ಆದ ಓಸಿಎಕ್ಸ್‌ಒ, ಇದಕ್ಕೆ ತದ್ವಿರುದ್ಧ. ಒಂದು ಸೆಕೆಂಡಿನಿಂದ ಇನ್ನೊಂದಕ್ಕೆ ಅದು ಬಹಳ ಶಾಂತ, ಒಳ್ಳೆಯದಾದರೆ 10⁻¹¹ರಿಂದ 10⁻¹²ರ ಆಸುಪಾಸು. ಆದರೆ ಹಿಡಿದಿಡುವವರಿಲ್ಲದಿದ್ದರೆ ವಾರಗಳಲ್ಲಿ ಎಲ್ಲೋ ಹೋಗಿಬಿಡುತ್ತದೆ. ಇವೆರಡರ ಕೊರತೆಗಳು ಬೇರೆಬೇರೆ ಆದ್ದರಿಂದಲೇ ಇವುಗಳನ್ನು ಜೋಡಿಸಿ ಅಳೆಯುವುದು.

ಓವನ್ ಕ್ರಿಸ್ಟಲ್‌ಗಳು ಹಳೆಯ ದೂರಸಂಪರ್ಕ ಉಪಕರಣಗಳಿಂದ ಬಿಚ್ಚಿದವು ಬೇಕಾದಷ್ಟು ಸಿಗುತ್ತವೆ. ಎಚ್‌ಪಿ 10811 ಇವತ್ತಿಗೂ ಹೆಸರುವಾಸಿ. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಿಜ, ವರ್ಷಗಟ್ಟಲೆ ಕರೆಂಟಿನಲ್ಲಿದ್ದ ಕ್ರಿಸ್ಟಲಿನ ಜಾರುವಿಕೆ ತಗ್ಗಿರುತ್ತದೆ. ಹಾಕಿದ ಕೂಡಲೇ ಅಳೆಯಬೇಡಿ. ಒಲೆ ಬಿಸಿಯಾಗಲು ಕೆಲವು ನಿಮಿಷ ಸಾಕು, ಕ್ರಿಸ್ಟಲ್ ನೆಲೆಗೊಳ್ಳಲು ದಿನಗಳು ಬೇಕು. ಒಮ್ಮೆ ಆರಿಸಿ ಮತ್ತೆ ಹಾಕಿದರೆ ಹಳೆಯ ಆವರ್ತನಕ್ಕೇ ಮರಳುತ್ತದೆ ಎಂಬ ಖಾತರಿಯಿಲ್ಲ. ಆದ್ದರಿಂದ ನನ್ನ ಬೆಂಚಿನಲ್ಲಿ ಕ್ರಿಸ್ಟಲಿಗೆ ಬೇರೆಯದೇ ಪವರ್ ಸಪ್ಲೈ, ಅದರ ಹಿಂದೆ ಬ್ಯಾಟರಿ. ಉಳಿದ ಉಪಕರಣಗಳ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ಕ್ರಿಸ್ಟಲನ್ನು ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿಟ್ಟು, ಹೊರಗೆ ಥರ್ಮೋಕೋಲ್ ಸುತ್ತಿದ್ದೇನೆ. ಫ್ಯಾನಿನ ಗಾಳಿ ನೇರವಾಗಿ ಬೀಸದಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ. ಆದರೆ ತೀರಾ ದಪ್ಪಗೆ ಸುತ್ತಿದರೆ ಒಳಗಿನ ಒಲೆಗೆ ಶಾಖ ಹೊರಹಾಕಲು ದಾರಿಯಿಲ್ಲದೆ ನಿಯಂತ್ರಣವೇ ಕೈತಪ್ಪುತ್ತದೆ. ಒಲೆ ಎಳೆಯುವ ಕರೆಂಟನ್ನು ಆಗಾಗ ನೋಡಿ, ಅದು ಸೊನ್ನೆಯ ಹತ್ತಿರ ಹೋಗಬಾರದು.

ರುಬಿಡಿಯಂ ಪೆಟ್ಟಿಗೆಯೂ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ: ಎಲ್‌ಪಿಆರ್‌ಒ-101, ಎಫ್‌ಇ-5680ಎ. ಒಳಗಿನ ಕ್ರಿಸ್ಟಲನ್ನು ರುಬಿಡಿಯಂ ಪರಮಾಣುವಿನ 6,834.68 ಮೆಗಾಹರ್ಟ್ಸ್ ಕಂಪನಕ್ಕೆ ಕಟ್ಟಿ 10 ಮೆಗಾಹರ್ಟ್ಸ್ ಕೊಡುತ್ತದೆ. ಜಾರುವಿಕೆ ಓವನ್ ಕ್ರಿಸ್ಟಲಿಗಿಂತ ಬಹಳ ಕಡಿಮೆ. ಅದರ ತಳ ಚೆನ್ನಾಗಿ ಬಿಸಿಯಾಗುತ್ತದೆ, ದೊಡ್ಡ ಹೀಟ್‌ಸಿಂಕಿಗೆ ಬಿಗಿಯದೆ ಓಡಿಸಬೇಡಿ. ಒಳಗಿನ ದೀಪಕ್ಕೆ ಆಯುಷ್ಯವಿರುವುದರಿಂದ ಬೇಕಾದಾಗ ಮಾತ್ರ ಹಾಕಿ. ಮೊದಲ ಕೊಳ್ಳುವಿಕೆ ಇದಾಗಬಾರದು ಎಂಬುದು ನನ್ನ ಅಭಿಪ್ರಾಯ. ಓವನ್ ಕ್ರಿಸ್ಟಲ್ ಕಲಿಸುವ ಪಾಠಗಳನ್ನು ರುಬಿಡಿಯಂ ಮುಚ್ಚಿಡುತ್ತದೆ.

ಅಳೆಯುವುದು

ಸಾಮಾನ್ಯ ಆವರ್ತನ ಕೌಂಟರ್ ಒಂದು ಸೆಕೆಂಡು ಬಾಗಿಲು ತೆರೆದು ಎಷ್ಟು ಅಲೆ ಒಳಬಂದವು ಎಂದು ಎಣಿಸುತ್ತದೆ. 10 ಮೆಗಾಹರ್ಟ್ಸಿಗೆ ಒಂದು ಕೋಟಿ ಅಲೆ, ಕೊನೆಯದು ಒಳಬಂತೋ ಹೊರಗುಳಿಯಿತೋ ಎಂಬ ಒಂದು ಎಣಿಕೆಯ ಸಂಶಯ. ಅಲ್ಲಿಗೆ 10⁻⁷. ಇದರಿಂದ ಓವನ್ ಕ್ರಿಸ್ಟಲ್ ಅಳೆಯಲಾಗದು. ಟೈಮ್ ಇಂಟರ್ವಲ್ ಅಳೆಯುವ ಕೌಂಟರ್ ಬೇಕು: ಎ ಚಾನೆಲಿನ ಅಂಚಿನಿಂದ ಬಿ ಚಾನೆಲಿನ ಅಂಚಿನ ತನಕ ಎಷ್ಟು ಸಮಯ ಎಂದು ಹೇಳುವಂಥದ್ದು. ಎಚ್‌ಪಿ 53131ಎ ಒಂದು ಅಳತೆಯಲ್ಲಿ 500 ಪಿಕೋಸೆಕೆಂಡಿನ ತನಕ, 53132ಎ 150ರ ತನಕ, ಹಳೆಯ ಭಾರಿ ಪೆಟ್ಟಿಗೆ 5370ಬಿ 20ರ ತನಕ ಬಿಡಿಸಿ ಹೇಳುತ್ತವೆ. ಟಿಎಪಿಆರ್ ಎಂಬ ಹವ್ಯಾಸಿ ರೇಡಿಯೋ ಸಂಘದ ಟಿಐಸಿಸಿ ಎಂಬ ಚಿಕ್ಕ ಬೋರ್ಡು ಆರ್ಡುಇನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಕೂರುತ್ತದೆ, ನೂರು ಪಿಕೋಸೆಕೆಂಡಿಗಿಂತ ಚೆನ್ನಾಗಿ ಅಳೆಯುತ್ತದೆ. ಹೊಸಬರಿಗೆ ನಾನು ಹೇಳುವುದು ಅದನ್ನೇ. ಮೇಜಿನಲ್ಲಿ ಜಾಗ ಬೇಡ, ಫ್ಯಾನಿನ ಸದ್ದಿಲ್ಲ, ಓದುಗಳು ನೇರ ಕಂಪ್ಯೂಟರಿಗೆ ಬರುತ್ತವೆ.

ಕ್ರಿಸ್ಟಲಿನ 10 ಮೆಗಾಹರ್ಟ್ಸನ್ನು ಸೆಕೆಂಡಿಗೊಂದು ಪಲ್ಸಿಗೆ ಇಳಿಸಲು 8 ಕಾಲಿನ ಒಂದು ಪಿಕ್ ಮೈಕ್ರೋಕಂಟ್ರೋಲರ್ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಚಿಪ್) ಸಾಕು. ಅದಕ್ಕೆ 10 ಮೆಗಾಹರ್ಟ್ಸನ್ನೇ ಗಡಿಯಾರವಾಗಿ ಕೊಟ್ಟರೆ ನಾಲ್ಕು ಮಿಡಿತಕ್ಕೆ ಒಂದು ಆದೇಶ ನಡೆಯುತ್ತದೆ. ಸರಿಯಾಗಿ 25,00,000 ಆದೇಶಗಳಿಗೊಮ್ಮೆ ಸುತ್ತು ಮುಗಿಸುವ ಪ್ರೋಗ್ರಾಮ್ ಬರೆದರೆ ಸೆಕೆಂಡಿಗೊಂದು ಪಲ್ಸ್ ಸಿದ್ಧ. ಒಂದು ಮಿಡಿತವೂ ಕಳೆದುಹೋಗದು.

ಮೊದಲು ಕೌಂಟರನ್ನೇ ಅಳೆಯಿರಿ. ಒಂದೇ ಪಲ್ಸನ್ನು ಟಿ ಕನೆಕ್ಟರಿನಿಂದ ಎರಡು ಸಮ ಉದ್ದದ ಕೇಬಲಿನಲ್ಲಿ ಎರಡೂ ಚಾನೆಲಿಗೆ ಕೊಡಿ. ಅಂತರ ಸೊನ್ನೆ ಬರಬೇಕು. ಬಂದದ್ದು ಎಷ್ಟು, ಎಷ್ಟು ಕುಣಿಯುತ್ತದೆ ಎಂದು ಒಂದು ಗಂಟೆ ಬರೆದುಕೊಳ್ಳಿ. ಇದು ನಿಮ್ಮ ನೆಲ. ಇದಕ್ಕಿಂತ ಕೆಳಗಿನ ಯಾವ ಫಲಿತಾಂಶವೂ ಕ್ರಿಸ್ಟಲಿನದಲ್ಲ. ಟ್ರಿಗರ್ ಅಂದರೆ ಅಂಚು ಬಂತೆಂದು ಕೌಂಟರ್ ಗುರುತಿಸುವ ವೋಲ್ಟೇಜ್; ಅದು ಆಟೋದಲ್ಲಿದ್ದರೆ ಆಟೋ ಆಫ್ ಮಾಡಿ, ಡಿಸಿ ಕಪ್ಲಿಂಗ್ ಇಟ್ಟು, ಪಲ್ಸಿನ ಎತ್ತರದ ಅರ್ಧಕ್ಕೆ ಕೈಯಾರೆ ಟ್ರಿಗರ್ ಮಟ್ಟ ಹೊಂದಿಸಿ. ಅಂಚು ಅತಿ ಕಡಿದಾಗಿರುವುದು ಅಲ್ಲೇ. ಉದ್ದದ ಕೇಬಲಿದ್ದರೆ ಅದರ ತುದಿಗೆ 50 ಓಮ್ ಟರ್ಮಿನೇಷನ್ (ರೆಸಿಸ್ಟರ್) ಬೇಕು, ಇಲ್ಲವಾದರೆ ಅಂಚು ಕೇಬಲಿನ ತುದಿಯಲ್ಲಿ ಬಡಿದು ಹಿಂದಿರುಗಿ ಮೆಟ್ಟಿಲುಗಳಾಗುತ್ತದೆ. ಜಿಪಿಎಸ್ ಮಾಡ್ಯೂಲಿನ ಕಾಲು 50 ಓಮಿಗೆ ಕರೆಂಟು ಕೊಡಲಾರದು, ನಡುವೆ 74ಎಸಿ244ರಂಥ ಬಫರ್ ಚಿಪ್ ಹಾಕಿ.

ಈಗ ಎ ಚಾನೆಲಿಗೆ ಜಿಪಿಎಸ್ ಪಲ್ಸ್, ಬಿ ಚಾನೆಲಿಗೆ ಕ್ರಿಸ್ಟಲಿನ ಪಲ್ಸ್. ಕ್ರಿಸ್ಟಲಿನ ಪಲ್ಸ್ ಜಿಪಿಎಸ್‌ಗಿಂತ ಕೆಲವು ನೂರು ಮೈಕ್ರೋಸೆಕೆಂಡು ಹಿಂದೆ ಬೀಳುವಂತೆ ಪಿಕ್ ಚಿಪ್ಪನ್ನು ಶುರು ಮಾಡಿ. ಇದಕ್ಕೆ ಎರಡು ಕಾರಣ. ಅಂತರ ತೀರಾ ಸೊನ್ನೆಯ ಹತ್ತಿರವಿದ್ದರೆ ಯಾವಾಗಲೋ ದಾಟಿ 0.9999 ಸೆಕೆಂಡು ಎಂದು ಓದಿ ಗ್ರಾಫ್ ಕೆಡುತ್ತದೆ. ಅಂತರ ದೊಡ್ಡದಾದರೆ ಕೌಂಟರಿನ ಸ್ವಂತ ಗಡಿಯಾರದ ತಪ್ಪು ಸೇರುತ್ತದೆ: ಅದು 1 ಪಿಪಿಎಂ ತಪ್ಪಿದ್ದರೆ 300 ಮೈಕ್ರೋಸೆಕೆಂಡಿನ ಅಂತರದಲ್ಲಿ ಬರುವ ದೋಷ 0.3 ನ್ಯಾನೋಸೆಕೆಂಡು, ಆದರೆ 0.7 ಸೆಕೆಂಡಿನ ಅಂತರದಲ್ಲಿ 700 ನ್ಯಾನೋಸೆಕೆಂಡು. ಸಾಧಾರಣ ಕೌಂಟರಿನಿಂದಲೂ ಉತ್ತಮ ಅಳತೆ ಸಾಧ್ಯವಾಗುವುದು ಅಂತರವನ್ನು ಹೀಗೆ ಚಿಕ್ಕದಾಗಿ ಇಟ್ಟುಕೊಂಡಾಗ.

ಇವತ್ತು ಬೆಳಿಗ್ಗೆ 312.418 ಮೈಕ್ರೋಸೆಕೆಂಡು ಓದಿತು, ನಾಳೆ ಅದೇ ಹೊತ್ತಿಗೆ 313.282 ಓದಿತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.864 ಮೈಕ್ರೋಸೆಕೆಂಡು, 86,400ರಿಂದ ಭಾಗಿಸಿದರೆ 10⁻¹¹. ಅಂತರ ಹೆಚ್ಚುತ್ತಿದೆ ಅಂದರೆ ಕ್ರಿಸ್ಟಲಿನ ಪಲ್ಸ್ ತಡವಾಗುತ್ತಿದೆ, ಅಂದರೆ ಕ್ರಿಸ್ಟಲ್ ನಿಧಾನ. ಯಾವ ಚಾನೆಲಿಗೆ ಯಾವುದು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಿರಿ, ಚಿಹ್ನೆ ಅದಲುಬದಲಾದರೆ ತಿದ್ದುಪಡಿಯೂ ಉಲ್ಟಾ ಆಗುತ್ತದೆ. ನನ್ನ ಪುಸ್ತಕದ ಅಂಕಣಗಳು ಹೀಗಿವೆ: ದಿನಾಂಕ, ಗಂಟೆ, ಕೋಣೆಯ ಉಷ್ಣತೆ, ನೂರು ಓದುಗಳ ಸರಾಸರಿ, ಇಎಫ್‌ಸಿ ವೋಲ್ಟೇಜ್, ಮತ್ತು ಕೊನೆಗೆ "ಏನಾಯಿತು" ಎಂಬ ಅಗಲವಾದ ಅಂಕಣ. ಕರೆಂಟು ಹೋಯಿತು, ಮಳೆ ಬಂತು, ಪೆಟ್ಟಿಗೆ ಜರುಗಿಸಿದೆ, ಎಲ್ಲವೂ ಅದರಲ್ಲಿ. ತಿಂಗಳುಗಳ ನಂತರ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಆ ಅಂಕಣವೇ.

ಇಎಫ್‌ಸಿ ಅಂದರೆ ಕ್ರಿಸ್ಟಲಿನ ಆವರ್ತನವನ್ನು ಒಂದಿಷ್ಟು ಎಳೆಯುವ ವೋಲ್ಟೇಜ್. ಹಲವು ಸುತ್ತಿನ ಪೊಟೆನ್ಷಿಯೋಮೀಟರಿನಿಂದ, ಕ್ರಿಸ್ಟಲಿನ ಸ್ವಂತ ರೆಫರೆನ್ಸ್ ಕಾಲಿನಿಂದ ತೆಗೆದು ಕೊಡಿ. ಮೂರು ದಿನದ ಅಳತೆ ಕೈಯಲ್ಲಿದ್ದ ಮೇಲೆ ಒಮ್ಮೆ ಮಾತ್ರ ಬದಲಿಸಿ, ಎಷ್ಟು ಮಿಲಿವೋಲ್ಟಿಗೆ ಎಷ್ಟು ಬದಲಾಯಿತು ಎಂದು ಮತ್ತೆ ಒಂದು ದಿನ ಅಳೆದು ಬರೆಯಿರಿ. ಆ ಅನುಪಾತ ಸಿಕ್ಕ ಮೇಲೆ ತಿದ್ದುವುದು ಊಹೆಯ ಕೆಲಸವಲ್ಲ, ಭಾಗಾಕಾರ.

ಕೌಂಟರ್ ಇಲ್ಲದವರು ಎರಡು ಚಾನೆಲಿನ ಸ್ಕೋಪಿನಿಂದಲೇ ಶುರು ಮಾಡಬಹುದು. ನಂಬಿಕೆಯ 10 ಮೆಗಾಹರ್ಟ್ಸಿಗೆ ಟ್ರಿಗರ್ ಮಾಡಿ, ಪರೀಕ್ಷೆಯ 10 ಮೆಗಾಹರ್ಟ್ಸನ್ನು ಎರಡನೆಯ ಚಾನೆಲಿನಲ್ಲಿ ನೋಡಿ. ಅದು ಪಕ್ಕಕ್ಕೆ ಜರುಗುತ್ತದೆ. ಒಂದು ಪೂರ್ತಿ ಅಲೆ, ಅಂದರೆ 100 ನ್ಯಾನೋಸೆಕೆಂಡು, ಜರುಗಲು 100 ಸೆಕೆಂಡು ಹಿಡಿದರೆ ವ್ಯತ್ಯಾಸ 10⁻⁹. ಸಾವಿರ ಸೆಕೆಂಡು ಹಿಡಿದರೆ 10⁻¹⁰. ಕೈಯಲ್ಲಿ ವಾಚು, ಕಣ್ಣಲ್ಲಿ ಸ್ಕೋಪ್, ಅಷ್ಟೇ.

ಗ್ರಾಫನ್ನು ಓದುವುದು

ಓದುಗಳು ಸಾವಿರಗಟ್ಟಲೆ ಸೇರಿದ ಮೇಲೆ ಟೈಮ್‌ಲ್ಯಾಬ್ ಎಂಬ ಪ್ರೋಗ್ರಾಮಿಗೆ ಕೊಡಿ. ಮೊದಲು ಫೇಸ್ ಗ್ರಾಫ್, ಅಂದರೆ ಅಂತರ ಸಮಯದೊಂದಿಗೆ ಹೇಗೆ ಬದಲಾಯಿತು ಎಂಬುದನ್ನೇ ನೋಡಿ. ನೇರ ಓರೆಗೆರೆ ಬಂದರೆ ಆವರ್ತನದಲ್ಲಿ ಸ್ಥಿರ ತಪ್ಪು. ಬಿಲ್ಲಿನಂತೆ ಬಾಗಿದ್ದರೆ ಆವರ್ತನವೇ ಜಾರುತ್ತಿದೆ. ಓರೆಯನ್ನು ಕಳೆದು ಉಳಿದದ್ದನ್ನು ಹಿಗ್ಗಿಸಿ ನೋಡಿದರೆ ನಿಜವಾದ ಕಥೆ ತೆರೆದುಕೊಳ್ಳುತ್ತದೆ. ಪ್ರತಿದಿನ ಅದೇ ಗಂಟೆಗೆ ಬರುವ ಉಬ್ಬು ಉಷ್ಣತೆಯದು. ಪ್ರತಿದಿನ 4 ನಿಮಿಷ ಮುಂಚೆ ಬರುವ ಉಬ್ಬು ಆಂಟೆನಾದ್ದು, ಏಕೆಂದರೆ ಜಿಪಿಎಸ್ ಉಪಗ್ರಹಗಳು ಆಕಾಶದ ಅದೇ ಜಾಗಕ್ಕೆ 23 ಗಂಟೆ 56 ನಿಮಿಷಕ್ಕೊಮ್ಮೆ ಮರಳುತ್ತವೆ, ಅದೇ ಗೋಡೆಗೆ ಬಡಿದ ಸಂಕೇತ ಅದೇ ತಪ್ಪನ್ನು ತರುತ್ತದೆ. ಒಂದು ವಾರದ ಗ್ರಾಫ್‌ಗಳನ್ನು ಒಂದರ ಕೆಳಗೊಂದು ಇಟ್ಟರೆ ಇವೆರಡನ್ನೂ ಬರಿಗಣ್ಣಿನಲ್ಲಿ ಬೇರ್ಪಡಿಸಬಹುದು. ಈ ಹವ್ಯಾಸದಲ್ಲಿ ನನಗೆ ಅತಿ ಪ್ರಿಯವಾದ ಕೆಲಸ ಇದು.

ಆಮೇಲೆ ಅಲನ್ ಡೀವಿಯೇಷನ್. ಡೇವಿಡ್ ಅಲನ್ 1966ರಲ್ಲಿ ಕೊಟ್ಟ ಅಳತೆ. ಗಡಿಯಾರ ಜಾರುತ್ತಲೇ ಇರುವುದರಿಂದ ಮಾಮೂಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಹೆಚ್ಚು ಹೊತ್ತು ಅಳೆದಷ್ಟೂ ಬೆಳೆಯುತ್ತ ಹೋಗುತ್ತದೆ, ಒಂದು ಉತ್ತರಕ್ಕೆ ನಿಲ್ಲದು. ಅಲನ್ ಅಳತೆ ಪಕ್ಕಪಕ್ಕದ ಎರಡು ಅವಧಿಗಳ ಆವರ್ತನವನ್ನು ಹೋಲಿಸುತ್ತದೆ: 1 ಸೆಕೆಂಡಿಗೆ ಎಷ್ಟು ಬದಲಾಯಿತು, 10ಕ್ಕೆ ಎಷ್ಟು, ಸಾವಿರಕ್ಕೆ ಎಷ್ಟು. ಜಿಪಿಎಸ್‌ನ ಗೆರೆ ಸುಮಾರು 10⁻⁸ರಿಂದ ಶುರುವಾಗಿ ಅವಧಿ ಹತ್ತುಪಟ್ಟಾದಂತೆ ಹತ್ತುಪಟ್ಟು ಇಳಿಯುತ್ತದೆ. ಕ್ರಿಸ್ಟಲಿನ ಗೆರೆ ಕೆಳಗೆ ಶುರುವಾಗಿ, ಸಪಾಟಾಗಿ ಸಾಗಿ, ಮೇಲೇರತೊಡಗುತ್ತದೆ. ಒಳ್ಳೆಯ ಕ್ರಿಸ್ಟಲಾದರೆ ಅವೆರಡೂ ಸಾವಿರ ಸೆಕೆಂಡಿನಿಂದ ಹತ್ತು ಸಾವಿರದ ನಡುವೆ ಎಲ್ಲೋ ಸಂಧಿಸುತ್ತವೆ. ಒಂದು ಎಚ್ಚರಿಕೆ: ಕೌಂಟರಿನ ಆವರ್ತನ ಓದುಗಳನ್ನು ಇದಕ್ಕೆ ಕೊಡಬೇಡಿ. ಕೆಲವು ಕೌಂಟರ್‌ಗಳು ಹೆಚ್ಚು ಅಂಕಿ ತೋರಿಸಲು ಒಳಗೊಳಗೇ ಸರಾಸರಿ ತೆಗೆದಿರುತ್ತವೆ, ಗ್ರಾಫ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ.

ಆ ಸಂಧಿಯೇ ಜಿಪಿಎಸ್‌ಡಿಒದ ಕೀಲಿ. ಜಿಪಿಎಸ್‌ಡಿಒ ಎಂದರೆ ಈ ಎಲ್ಲ ಕೆಲಸವನ್ನೂ ತಾನೇ ಮಾಡಿ ಕ್ರಿಸ್ಟಲನ್ನು ಸದಾ ತಿದ್ದುತ್ತಿರುವ ಪೆಟ್ಟಿಗೆ. ಟ್ರಿಂಬಲ್ ಥಂಡರ್‌ಬೋಲ್ಟ್ ಹವ್ಯಾಸಿಗಳ ನಡುವೆ ಚಿರಪರಿಚಿತ. +5, +12, -12 ಎಂಬ ಮೂರು ವೋಲ್ಟೇಜ್ ಬೇಕು. ಅದರ ಟೈಮ್ ಕಾನ್‌ಸ್ಟಂಟ್ ಕಾರ್ಖಾನೆಯಿಂದ 100 ಸೆಕೆಂಡಿಗೆ ಬರುತ್ತದೆ. ಅಂದರೆ ಅಷ್ಟು ಬೇಗ ಅದು ಜಿಪಿಎಸ್‌ನ ಕುಣಿತವನ್ನು ಕ್ರಿಸ್ಟಲಿಗೆ ಕಲಿಸುತ್ತದೆ. ನಿಮ್ಮ ಗ್ರಾಫಿನ ಸಂಧಿ ಇನ್ನೂ ದೂರದಲ್ಲಿದ್ದರೆ ಆ ಸಂಖ್ಯೆಯನ್ನು ಸಂಧಿಯ ಕಡೆಗೆ ಹಂತಹಂತವಾಗಿ ಹೆಚ್ಚಿಸಿ. ಪರೀಕ್ಷಿಸುವಾಗ ಮಾತ್ರ ಅದೇ ಪೆಟ್ಟಿಗೆಯ ಪಿಪಿಎಸ್ ಬಳಸಬೇಡಿ, ಅದು ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ. ಹೊರಗಿನ ಇನ್ನೊಂದು ಗಡಿಯಾರ ಬೇಕು. ಸರಿಸುಮಾರು ಸಮಾನವಾದ ಮೂರು ಗಡಿಯಾರಗಳಿದ್ದರೆ ಮೂರು ಜೋಡಿಗಳನ್ನು ಒಂದೇ ಹೊತ್ತಿಗೆ ಅಳೆದು, ಯಾವುದು ಎಷ್ಟು ಗದ್ದಲ ಮಾಡುತ್ತಿದೆ ಎಂದು ಬಿಡಿಸಬಹುದು.

ಕಂಪ್ಯೂಟರಿನ ಗಡಿಯಾರ ಸರಿಮಾಡಲಷ್ಟೇ ಬೇಕಾದವರಿಗೆ ಇಷ್ಟೆಲ್ಲ ಬೇಡ. ರಾಸ್ಪ್‌ಬೆರಿ ಪೈ, ಜಿಪಿಎಸ್ ಮಾಡ್ಯೂಲ್, ಕಂಪ್ಯೂಟರಿನ ಗಡಿಯಾರ ತಿದ್ದುವ ಕ್ರೋನಿ ಪ್ರೋಗ್ರಾಮ್ ಸಾಕು. ಸೀರಿಯಲ್ ತಂತಿಯ ಸಂದೇಶ ಇದು ಯಾವ ಸೆಕೆಂಡು ಎಂದು ಹೇಳುತ್ತದೆ, ಪಿಪಿಎಸ್ ಅದು ಯಾವಾಗ ಶುರುವಾಯಿತು ಎಂದು. ಪಿಪಿಎಸ್ ತಂತಿಯನ್ನು ನೇರವಾಗಿ ಪೈನ ಜಿಪಿಐಒ ಕಾಲಿಗೆ (ಬೋರ್ಡಿನ ಮೇಲಿನ ಸಂಕೇತದ ಪಿನ್ನಿಗೆ) ಹಾಕಿ. ಯುಎಸ್‌ಬಿ ಮೂಲಕ ತಂದರೆ ಮೈಕ್ರೋಸೆಕೆಂಡಿನ ಕೆಲಸ ಮಿಲಿಸೆಕೆಂಡಿಗೆ ಇಳಿಯುತ್ತದೆ.

ಮನೆಯ ವಿದ್ಯುತ್ತಿನ ಆವರ್ತನ ಅಳೆಯುವ ಆಸೆಯೂ ಎಲ್ಲರಿಗೂ ಬರುತ್ತದೆ. ಎಸಿ ಹೊರಕೊಡುವ ಚಿಕ್ಕ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನ ಮೂಲಕವೇ ಅಳೆಯಿರಿ. ಕೌಂಟರಿನ ಬಿಎನ್‌ಸಿಯನ್ನು, ಅಂದರೆ ಕೇಬಲ್ ಸಿಕ್ಕಿಸುವ ಕನೆಕ್ಟರನ್ನು, ನೇರ ಪ್ಲಗ್ಗಿಗೆ ಜೋಡಿಸುವುದು ಪ್ರಾಣಕ್ಕೆ ಅಪಾಯ.

ಇಷ್ಟು ಕೈಗೂಡಿದ ಮೇಲೆ ಎಲ್ಲಿಯ ತನಕ ಹೋಗಬಹುದು ಎಂಬುದಕ್ಕೆ ಟಾಮ್ ವಾನ್ ಬಾಕ್ ಎಂಬ ಅಮೆರಿಕದ ಹವ್ಯಾಸಿ 2005ರಲ್ಲಿ ಮಾಡಿದ ಪ್ರಯೋಗವನ್ನು ನೋಡಿ. ಅವರು ಮೂರು ಎಚ್‌ಪಿ 5071ಎ ಸೀಸಿಯಂ ಗಡಿಯಾರಗಳನ್ನು ಬ್ಯಾಟರಿಗಳ ಸಮೇತ ಕುಟುಂಬದ ವ್ಯಾನಿಗೆ ಹೇರಿ, ಮಕ್ಕಳೊಂದಿಗೆ ಮೌಂಟ್ ರೇನಿಯರ್ ಬೆಟ್ಟಕ್ಕೆ ಹೋಗಿ ಎರಡು ದಿನ ಉಳಿದು ಬಂದರು. ಐನ್‌ಸ್ಟೈನರ ಲೆಕ್ಕದಂತೆ ಎತ್ತರದಲ್ಲಿ ಗಡಿಯಾರ ಮೀಟರಿಗೆ 1.09 × 10⁻¹⁶ರಷ್ಟು ವೇಗ. ಮನೆಯಲ್ಲಿ ಉಳಿದ ಗಡಿಯಾರಗಳೊಂದಿಗೆ ಹೋಲಿಸಿದಾಗ ಬೆಟ್ಟದಿಂದ ಬಂದವು ಸುಮಾರು 22 ನ್ಯಾನೋಸೆಕೆಂಡು ಮುಂದಿದ್ದವು. ಅಳತೆಯ ಕ್ರಮ ಮೇಲೆ ಹೇಳಿದ್ದೇ: ಹೊರಡುವ ಮುಂಚೆ ಅಂತರ, ಬಂದ ಮೇಲೆ ಅಂತರ. ಇದನ್ನು ಹಳೆಯ ರುಬಿಡಿಯಂ ಪೆಟ್ಟಿಗೆಯಲ್ಲಿ ಮಾಡಲಾಗುವುದಿಲ್ಲ. ಎರಡು ದಿನದಲ್ಲಿ 22 ನ್ಯಾನೋಸೆಕೆಂಡು ಅಂದರೆ ಸುಮಾರು 1.3 × 10⁻¹³. ವ್ಯಾನಿನಲ್ಲಿ ಹೋಗುವ ರುಬಿಡಿಯಂ ತಂಪಿಗೂ ಬಿಸಿಗೂ ಅಲೆಯುವುದೇ ಅದಕ್ಕಿಂತ ಹೆಚ್ಚು. ಸೀಸಿಯಂ ಬೇಕಾಗಿದ್ದು ಅದಕ್ಕೆ. ಮೂರು ಬೇಕಾಗಿದ್ದು, ದಾರಿಯಲ್ಲಿ ಒಂದು ಗಡಿಯಾರ ಜಿಗಿದರೆ ಜಿಗಿದದ್ದು ಯಾವುದು ಎಂದು ಉಳಿದೆರಡು ಹೇಳಲಿ ಎಂದು.